ಹನ್ನೊಂದು ಪ್ಯಾರಾಚೂಟುಗಳು

"ಹಿಂದಕ್ಕೆ ತಗೊಳ್ಳಿ, ಹಿಂದಕ್ಕೆ," ಎನ್ನುತ್ತ ಪೊಲೀಸ್ ಪೇದೆ ಶವವಾಹನದ ಬಾನೆಟ್ಟಿನ ಮೇಲೆ ಅಂಗೈಯಿಂದ ಎರಡು ಸಲ ಬಡಿದ.

ಚಾಲಕ ಗಾಡಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸ್ವಾಮಿ, ಈ ಗಾಡಿಗೆ ಹಿಂದಕ್ಕೆ ಹೋಗಿ ಅಭ್ಯಾಸ ಇಲ್ಲ. ಇದರಲ್ಲಿ ಮಲಗಿದೋರು ಯಾರೂ ಇವತ್ತಿನ ತನಕ ವಾಪಸ್ ಬಂದಿಲ್ಲ," ಎಂದ.

ಪೇದೆಗೆ ನಗು ಬಂತು. ಮೀಸೆಯಡಿಯಲ್ಲೇ ಅದನ್ನು ಅದುಮಿಕೊಂಡ. ಅವನ ಬೆನ್ನ ಹಿಂದೆ ರಸ್ತೆಗೆ ಅಡ್ಡಲಾಗಿ ಮರದ ತಡೆಗಟ್ಟೆ ಇಟ್ಟಿದ್ದರು. ಅದರಾಚೆ, ನೂರು ಹೆಜ್ಜೆ ದೂರದಲ್ಲಿ, ಹಳೆಯ ಚಿತ್ರಮಂದಿರದ ನೆತ್ತಿಯಿಂದ ಕೆಳಗಿನವರೆಗೆ ಬಟ್ಟೆಯ ಫಲಕ ಇಳಿಬಿದ್ದಿತ್ತು. ಯುದ್ಧಕಾಲದ ವಿಮಾನದಳದ ಸಾಕ್ಷ್ಯಚಿತ್ರ, ದುರಸ್ತಿಯಾದ ಪ್ರತಿಯ ಸಾರ್ವಜನಿಕ ಪ್ರದರ್ಶನ, ಹಿರಿಯ ಯೋಧರಿಗೆ ಗೌರವ ಸಮರ್ಪಣೆ, ಮಧ್ಯಾಹ್ನ ಎರಡು ಗಂಟೆಗೆ.

ಗಾಡಿಯ ಹಿಂಬಾಗಿಲು ತೆರೆದು ಮಗಳು ಇಳಿದಳು. ಇಪ್ಪತ್ತೆರಡು ವರ್ಷ ನಗರ ಸಾರಿಗೆಯ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದವಳು. ಕಿಕ್ಕಿರಿದ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಲ್ಲುವ ಕಾಲು ಅವಳದು. ರಸ್ತೆಯ ಮೇಲೂ ಹಾಗೇ ಪಾದ ಅಗಲಿಸಿ ನಿಂತಳು.

"ಸ್ಮಶಾನಕ್ಕೆ ಮಾರ್ಕೆಟ್ ಹಿಂದಿಂದ ದಾರಿ ಇದೆಯಲ್ಲಮ್ಮ," ಎಂದ ಪೇದೆ.

"ಗೊತ್ತು. ದಿನಕ್ಕೆ ಆರು ಸಲ ಅದೇ ದಾರೀಲಿ ಓಡಾಡ್ತೀನಿ. ಸ್ಮಶಾನಕ್ಕೆ ಆಮೇಲೆ ಹೋಗ್ತೀವಿ. ಈಗ ಇಲ್ಲಿಗೇ ಬಂದಿರೋದು."

"ಇಲ್ಲಿಗಾ?"

ಅವಳು ಕೈಚೀಲದಿಂದ ಒಂದು ಚೀಟಿ ತೆಗೆದು ಅವನ ಮೂಗಿನ ಮುಂದೆ ಹಿಡಿದಳು. "ಪಾಸ್. ಸರಿಯಾಗಿ ನೋಡ್ಕೊಳ್ಳಿ. ಸೀಲ್ ಇದೆ."

ಪೇದೆ ಪಾಸಿನ ಮೇಲಿದ್ದ ಹೆಸರು ಓದಿದ. "ಇದು ಯಾರದು?"

"ನಮ್ಮಮ್ಮಂದು."

"ಅವರೆಲ್ಲಿ?"

ಮಗಳು ಗಾಡಿಯ ಹಿಂಬಾಗಿಲ ಕಡೆ ಗದ್ದ ಚಾಚಿ ತೋರಿಸಿದಳು. ಒಳಗೆ ಮರದ ಪೆಟ್ಟಿಗೆ. ಪಕ್ಕದ ಬೆಂಚಿನಲ್ಲಿ ಎಂಬತ್ತು ದಾಟಿದ ಮುದುಕಿಯೊಬ್ಬಳು, ಬಿದ್ದುಹೋದೀತೇನೋ ಎಂಬಂತೆ, ಪೆಟ್ಟಿಗೆಯ ಮೇಲೆ ಒಂದು ಕೈ ಇಟ್ಟುಕೊಂಡು ಕೂತಿದ್ದಳು. ಗಂಟೆಯಮ್ಮ ಅಂತಲೇ ಎಲ್ಲರೂ ಕರೆಯುತ್ತಿದ್ದುದು. ಹರೆಯದಲ್ಲಿ ಅವಳು ವಾಯುನೆಲೆಯ ಒಂದು ತುದಿಯಲ್ಲಿ ಕೂಗಿದರೆ ಇನ್ನೊಂದು ತುದಿಯವರು ಊಟಕ್ಕೆ ಏಳುತ್ತಿದ್ದರಂತೆ. ಈಗ ಕಿವಿ ಮಂದವಾಗಿತ್ತು, ಗಂಟಲು ಆಗಿರಲಿಲ್ಲ.

"ಏನಂತೆ ಅವಂದು?" ಎಂದು ಅವಳು ಒಳಗಿನಿಂದಲೇ ಕೇಳಿದ್ದು ಪಾದಚಾರಿ ದಾರಿಯಲ್ಲಿದ್ದವರಿಗೆಲ್ಲ ಕೇಳಿಸಿತು.

ಚಾಲಕನ ಪಕ್ಕದ ಸೀಟಿನಿಂದ ಮಾವ ಇಳಿದು ಬಂದ. ಸತ್ತವಳ ತಮ್ಮ. ವಯಸ್ಸು ಎಪ್ಪತ್ತಾರು. ನಲವತ್ತು ವರ್ಷ ಟೈಪಿಂಗ್ ಶಾಲೆ ನಡೆಸಿದ ಮೇಷ್ಟ್ರು. ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡಿದ್ದ.

"ಏನಿದು ನಿನ್ನ ಆಟ? ಹೆಣ ಇಟ್ಕೊಂಡು ಸಿನಿಮಾ ನೋಡ್ತಾರಾ ಯಾರಾದ್ರೂ?"

"ನಲವತ್ತೆರಡು ನಿಮಿಷ ಮಾವ. ಸ್ಮಶಾನದ ಗೇಟು ಐದರ ತನಕ ತೆಗೆದಿರುತ್ತೆ. ಕೇಳ್ಕೊಂಡೇ ಬಂದಿದೀನಿ."

"ಜನ ಏನಂತಾರೆ?"

"ಅರವತ್ತೆರಡು ವರ್ಷದಿಂದ ಅಂತಾನೇ ಇದಾರಲ್ಲ. ಇನ್ನೂ ಏನು ಬಾಕಿ ಇದ್ಯೋ, ಕೇಳೇಬಿಡೋಣ."

ಪೇದೆ ಪಾಸನ್ನು ಇನ್ನೊಮ್ಮೆ ತಿರುಗಿಸಿ ನೋಡಿದ. ಗಾಡಿಯನ್ನು ನೋಡಿದ. "ಪಾಸ್ ಇದ್ದೋರನ್ನ ಬಿಡಿ ಅಂತ ಆರ್ಡರು," ಎಂದ ತನಗೆ ತಾನೇ ಹೇಳಿಕೊಳ್ಳುವಂತೆ. "ಜೀವ ಇದೆಯಾ ಇಲ್ವಾ ನೋಡಿ ಬಿಡಿ ಅಂತ ಯಾರೂ ಹೇಳಿಲ್ಲ." ತಡೆಗಟ್ಟೆಯನ್ನು ಎಳೆದು ಬದಿಗೆ ಸರಿಸಿದ.

*

ಈಗ ಪೆಟ್ಟಿಗೆಯಲ್ಲಿ ಮಲಗಿದವಳಿಗೆ ಆಗ ಹತ್ತೊಂಬತ್ತು. ಯುದ್ಧ ಶುರುವಾಗಿ ಎಂಟನೇ ತಿಂಗಳು. ವಾಯುನೆಲೆಯಲ್ಲಿ ಪ್ಯಾರಾಚೂಟ್ ಮಡಚುವ ಕೆಲಸಕ್ಕೆ ಹುಡುಗಿಯರನ್ನು ತೆಗೆದುಕೊಂಡರು. ಸಮವಸ್ತ್ರವಿಲ್ಲ, ಪದವಿಯಿಲ್ಲ, ಒಂದೊಂದು ನಂಬರು ಮಾತ್ರ. ಅವಳದು ಹದಿನೇಳು. ಪಕ್ಕದ ಮೇಜಿನಲ್ಲಿ ಹದಿನೆಂಟು, ಆ ಗಂಟಲು ದೊಡ್ಡ ಹುಡುಗಿ.

ಉದ್ದನೆಯ ಕೋಣೆ. ಆರೇಳು ಮಾರು ಉದ್ದದ ಮೇಜುಗಳು. ಅವುಗಳ ಮೇಲೆ ರೇಷ್ಮೆ ಹಾಸಿ, ಒಂದೊಂದೇ ಪಟ್ಟಿಯನ್ನು ಅಂಗೈಯಿಂದ ನಯಮಾಡಿ ಮಡಚಬೇಕು. ಇಪ್ಪತ್ತನಾಲ್ಕು ಹಗ್ಗಗಳನ್ನು ಸಿಕ್ಕಾಗದಂತೆ ಜೋಡಿಸಬೇಕು. ಎಲ್ಲ ಚೀಲದೊಳಗೆ ಕೂತ ಮೇಲೆ ಒಂದು ಚೀಟಿಯ ಮೇಲೆ ತಾರೀಖು, ತನ್ನ ನಂಬರು, ಸಹಿ. ಆ ಚೀಟಿ ಪ್ಯಾರಾಚೂಟಿನ ಜೊತೆಗೇ ವಿಮಾನ ಹತ್ತುತ್ತಿತ್ತು. ಆಕಾಶದಲ್ಲಿ ಅದು ಬಿಚ್ಚಿಕೊಳ್ಳದೆ ಹೋದರೆ, ಕೆಳಗೆ ಅದು ಸಿಕ್ಕವರು ಮೊದಲು ಓದುವುದು ಆ ಚೀಟಿಯನ್ನೇ.

ಮಡಚುವ ಮೊದಲು ಇಡೀ ಒಂದು ಹಗಲು ಒಂದು ರಾತ್ರಿ ಅವನ್ನು ಎತ್ತರದ ಗೋಪುರದಲ್ಲಿ ತೂಗುಹಾಕಿ ಒಣಗಿಸಬೇಕು. ಆ ವಾರ ಗೋಪುರದ ಬಿಸಿಗಾಳಿಯ ಯಂತ್ರ ಕೆಟ್ಟಿತ್ತು. ಅದೇ ವಾರ ಸಾಕ್ಷ್ಯಚಿತ್ರ ತೆಗೆಯುವವರು ಬರುವವರಿದ್ದರು.

"ಕಪಾಟು ತುಂಬಿರ್ಬೇಕು. ಸಿನಿಮಾದಲ್ಲಿ ಖಾಲಿ ಕಪಾಟು ಕಂಡ್ರೆ ಶತ್ರು ನಗ್ತಾನೆ," ಎಂದ ಮೇಲ್ವಿಚಾರಕ ಅರ್ಧ ದಿನಕ್ಕೇ ಹನ್ನೊಂದನ್ನು ಕೆಳಗಿಳಿಸಿದ.

ಹದಿನೇಳು ರೇಷ್ಮೆಯ ಒಂದು ಮಡಿಕೆ ಎತ್ತಿ ಕೆನ್ನೆಗೆ ಒತ್ತಿಕೊಂಡಳು. ತಣ್ಣಗಿತ್ತು. ಮುಗ್ಗಲು ವಾಸನೆ. ಒಂದಕ್ಕೊಂದು ಅಂಟಿಕೊಂಡ ಪದರಗಳನ್ನು ಉಗುರಿನಿಂದ ಬಿಡಿಸಬೇಕಾಯಿತು. ಹನ್ನೊಂದನ್ನೂ ಹಾಗೆ ನೋಡಿದಳು.

"ಇವು ಮತ್ತೆ ಒಣಗ್ಬೇಕು."

"ಮಡಚು. ನಾಳೆ ಬೆಳಿಗ್ಗೆ ವಿಮಾನಕ್ಕೆ ಹೋಗ್ಬೇಕು."

"ನಾನು ಸಹಿ ಹಾಕಲ್ಲ."

"ನೀನು ಹಾಕದಿದ್ರೆ ನಾನು ಹಾಕ್ತೀನಿ. ಕತ್ತರಿ ಗೂಟಕ್ಕೆ ಹಾಕಿ ಹೊರಗೆ ಹೋಗು."

ಅವಳು ಕತ್ತರಿಯನ್ನು ಗೂಟಕ್ಕೆ ಹಾಕಿದಳು. ಹೊರಗೆ ಹೋಗಲಿಲ್ಲ. ಅಷ್ಟರಲ್ಲಿ ದೀಪಗಳು, ಮೂರು ಕಾಲಿನ ಕ್ಯಾಮೆರಾ, ಹ್ಯಾಟು ಹಾಕಿದ ಅಧಿಕಾರಿಗಳು ಒಳಗೆ ಬಂದರು. ಮೇಲ್ವಿಚಾರಕ ಅವರ ಜೊತೆ ಬಾಗಿಲಲ್ಲಿ ಕೈಕುಲುಕುತ್ತ ನಿಂತ. ಎಲ್ಲರೂ ನಗಬೇಕು ಎಂದು ಯಾರೋ ಹೇಳಿದರು. ಹುಡುಗಿಯರು ನಕ್ಕರು.

ಆಮೇಲೆ ನಡೆದದ್ದಕ್ಕೆ ನಾಲ್ಕು ನಿಮಿಷ ಸಾಕಾಯಿತು. ಅವಳು ಹನ್ನೊಂದು ಪ್ಯಾರಾಚೂಟುಗಳ ಹಗ್ಗಗಳನ್ನೂ ಗೊಂಚಲು ಗೊಂಚಲಾಗಿ ಕತ್ತರಿಸಿ ಹಾಕಿದಳು. ಸಹಿ ಯಾರು ಬೇಕಾದರೂ ಹಾಕಬಹುದು. ಹಗ್ಗವೇ ಇಲ್ಲದ ಪ್ಯಾರಾಚೂಟಿಗೆ ಯಾರು ಸಹಿ ಹಾಕಿ ಏನು ಪ್ರಯೋಜನ?

ವಿಚಾರಣೆಯಲ್ಲಿ ಒಂದೇ ಪ್ರಶ್ನೆಯನ್ನು ಮೂರು ದಿನ ಕೇಳಿದರು. ನಿನ್ನ ಕತ್ತರಿ ಗೂಟದಲ್ಲಿತ್ತು, ಇದು ಎಲ್ಲಿಂದ ಬಂತು? "ಮೇಜಿನ ಮೇಲಿತ್ತು," ಎಂದಳು ಮೂರು ದಿನವೂ. ಕತ್ತರಿಗಳೆಲ್ಲ ಒಂದೇ ಅಚ್ಚಿನವು. ಕಂಡವರು ಬಾಯಿ ಬಿಡಲಿಲ್ಲ. ನಾಲ್ಕನೇ ದಿನ ಕಾಗದ ಕೈಗೆ ಬಂತು. ಉದ್ದೇಶಪೂರ್ವಕವಾಗಿ ಸರ್ಕಾರಿ ಆಸ್ತಿಗೆ ಹಾನಿ ಮಾಡಿದ ಕಾರಣ ಸೇವೆಯಿಂದ ವಜಾ.

*

ಚಿತ್ರಮಂದಿರದ ಮೆಟ್ಟಿಲ ಬಳಿ ಗಾಡಿ ನಿಂತಿದ್ದೇ ತಡ, ಸಮಿತಿಯ ಅಧ್ಯಕ್ಷರು ಕೈಯಲ್ಲಿ ಪಟ್ಟಿ ಹಿಡಿದು ಓಡಿಬಂದರು. ನಿವೃತ್ತ ಅಧಿಕಾರಿ. ಎದೆಯ ಮೇಲೆ ಬಣ್ಣದ ರಿಬ್ಬನಿನ ಹೂವು.

"ಯಾರ್ರೀ ಇದನ್ನ ಇಲ್ಲಿಗೆ ಬಿಟ್ಟಿದ್ದು? ತೆಗೀರಿ, ತೆಗೀರಿ. ಗಣ್ಯರು ಬರೋ ಹೊತ್ತು."

"ಗಣ್ಯರೊಬ್ರು ಆಗ್ಲೇ ಬಂದಿದಾರೆ," ಎಂದಳು ಮಗಳು. "ಹಿಂದೆ ಮಲಗಿದಾರೆ."

ಅಧ್ಯಕ್ಷರು ಹೆಸರು ಕೇಳಿ, ಪಟ್ಟಿಯ ಮೇಲೆ ಬೆರಳಾಡಿಸಿ, ತಲೆಯೆತ್ತಿದರು. ಹೆಸರು ಅವರಿಗೆ ಹೊಸದಲ್ಲ ಎಂಬುದು ಮುಖದ ಮೇಲೇ ಕಂಡಿತು. "ನೋಡಮ್ಮ, ನಿಮ್ಮ ದುಃಖ ಅರ್ಥ ಆಗುತ್ತೆ. ಆದ್ರೆ ಇದು ಸೇವೆ ಮಾಡಿದೋರಿಗೆ ಗೌರವ ಕೊಡೋ ದಿನ. ಸೇವಾ ಪುಸ್ತಕದಲ್ಲಿ ನಿಮ್ಮ ತಾಯಿ ಹೆಸರಿನ ಮುಂದೆ ಏನು ಬರೆದಿದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಇವತ್ತು ಅದೆಲ್ಲ ಬೇಡ."

ಮಾವ ಅವಳ ತೋಳು ಹಿಡಿದು ಎಳೆದ. "ಮರ್ಯಾದೆಯಾಗಿ ಹೇಳ್ತಿದಾರೆ. ಬಾ."

ಗಂಟೆಯಮ್ಮ ಗಾಡಿಯಿಂದ ಒಂದೊಂದೇ ಕಾಲು ಇಳಿಸಿ ನೆಲಕ್ಕೆ ಬಂದಿದ್ದಳು. "ಏನಂತೆ?" ಎಂದಳು. "ಪಟ್ಟೀಲಿ ಇಲ್ವಂತಾ? ಇವರ ಪಟ್ಟಿ ಹುಟ್ಟೋ ಮುಂಚೆ ನಾವು ಹುಟ್ಟಿದೀವಿ ಅಂತ ಹೇಳು!"

ಮೆಟ್ಟಿಲು ಹತ್ತುತ್ತಿದ್ದವರು ತಿರುಗಿ ನೋಡಿದರು. ಆಗ ತಾನೇ ಕಾರಿನಿಂದ ಇಳಿದ ಒಬ್ಬ ಮುದುಕರೂ ನೋಡಿದರು. ಕೋಲೂರಿಕೊಂಡು ನಿಧಾನವಾಗಿ ಬಂದರು. ಅಂದಿನ ಮುಖ್ಯ ಅತಿಥಿ. ಯುದ್ಧದಲ್ಲಿ ಮೂರು ಸಲ ವಿಮಾನದಿಂದ ಹಾರಿದ ಯೋಧರಲ್ಲಿ ಬದುಕುಳಿದವರು ಅವರೊಬ್ಬರೇ.

"ಯಾರು ತೀರಿಕೊಂಡಿದ್ದು?"

"ಟಾರ್ಪಾಲಮ್ಮ ಸಾರ್," ಎಂದ ಚಾಲಕ.

"ಪ್ಯಾರಾಚೂಟ್ ಮಡಚ್ತಿದ್ದೋಳು," ಎಂದಳು ಗಂಟೆಯಮ್ಮ. "ನಂಬರ್ ಹದಿನೇಳು. ನಿಮ್ಮ ಬೆನ್ನಿಗೆ ಕಟ್ಕೊಂಡಿದ್ದನ್ನ ಮಡಚಿದೋಳು. ನೆನಪಿದ್ಯಾ?"

ಮುದುಕರು ಹೌದು ಅಂದುಬಿಡಬಹುದಾಗಿತ್ತು. ಸುತ್ತ ನಿಂತವರೆಲ್ಲ ಅದನ್ನೇ ಕಾಯುತ್ತಿದ್ದರು.

"ಇಲ್ಲಮ್ಮ," ಎಂದರು. "ಹಾರೋ ಮುಂಚೆ ಚೀಟಿ ನೋಡ್ತಿದ್ದೆವು. ಏನೋ ಒಂದು ನಂಬರ್ ಇರ್ತಿತ್ತು. ನೆಲಕ್ಕೆ ಕಾಲು ತಾಗಿದ ಮೇಲೆ ಯಾವ ನಂಬರೂ ನೆನಪಿರ್ತಿರ್ಲಿಲ್ಲ." ಕೋಲನ್ನು ಎಡಗೈಗೆ ಬದಲಿಸಿ, ಪೆಟ್ಟಿಗೆಯ ಕಡೆ ಸ್ವಲ್ಪ ಬಾಗಿದರು. ಆಮೇಲೆ ಅಧ್ಯಕ್ಷರಿಗೆ, "ಗಾಡಿ ಇಲ್ಲೇ ಇರ್ಲಿ. ನನ್ನ ಕಾರು ಹಿಂದೆ ನಿಲ್ಸಿ," ಎಂದರು.

"ಅಮ್ಮನ ಹತ್ರ ಯಾರಿರ್ತಾರೆ?" ಎಂದು ಮಗಳು ಕೇಳುವಷ್ಟರಲ್ಲಿ ಚಾಲಕ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತೇಬಿಟ್ಟಿದ್ದ. "ನಾನಿರ್ತೀನಿ, ಹೋಗಿ. ಈ ಗಾಡಿಗೆ ಮುಂಚೆ ಲಾರಿ ಓಡಿಸ್ತಿದ್ದೆ. ಅಕ್ಕ ಹೊಲಿದುಕೊಟ್ಟ ಟಾರ್ಪಾಲು ಆರು ವರ್ಷ ನನ್ನ ಲಾರಿ ಕಾದಿದೆ. ನಲವತ್ತು ನಿಮಿಷ ನಾನು ಅಕ್ಕನ್ನ ಕಾಯಲ್ವಾ?"

ಮಾವ ಅತ್ತ ನೋಡಿದ, ಇತ್ತ ನೋಡಿದ. ಬೀದಿಯಲ್ಲಿ ಹೆಣದ ಗಾಡಿಯ ಪಕ್ಕ ನಿಂತು ಎಲ್ಲರ ಕಣ್ಣಿಗೆ ಬೀಳುವುದಕ್ಕಿಂತ ಕತ್ತಲಲ್ಲಿ ಕೂರುವುದು ವಾಸಿ ಎನ್ನಿಸಿರಬೇಕು. ಅವರ ಹಿಂದೆ ಮೆಟ್ಟಿಲು ಹತ್ತಿದ.

*

ಮಾವನ ಸಿಟ್ಟಿಗೆ ಕಾರಣವಿತ್ತು. ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ.

ಅಕ್ಕ ಕೆಲಸ ಕಳೆದುಕೊಂಡಾಗ ಅವನಿಗೆ ಹದಿನಾಲ್ಕು. ನೋಟ್‌ಬುಕ್ಕಿನ ಅಂಚಿನಲ್ಲೆಲ್ಲ ವಿಮಾನದ ಚಿತ್ರ ಬರೆಯುತ್ತಿದ್ದ ಹುಡುಗ. ಹದಿನೆಂಟಕ್ಕೆ ವಿಮಾನದಳಕ್ಕೆ ಅರ್ಜಿ ಹಾಕಿದ. ಬರಹದ ಪರೀಕ್ಷೆ ಪಾಸು, ಕಣ್ಣು ಪಾಸು, ಓಟ ಪಾಸು. ಮನೆತನದ ವಿಚಾರಣೆಯಲ್ಲಿ ಅಕ್ಕನ ಕಡತ ಹೊರಬಂತು.

ಅಲ್ಲಿದ್ದ ಒಬ್ಬ ದಯಾಳು ಗುಮಾಸ್ತ ದಾರಿ ಹೇಳಿಕೊಟ್ಟಿದ್ದ. ಅಕ್ಕ ಒಂದು ವಿಷಾದಪತ್ರ ಬರೆದುಕೊಟ್ಟರೆ, ವಜಾ ಎಂಬುದನ್ನು ರಾಜೀನಾಮೆ ಎಂದು ತಿದ್ದಬಹುದು. ಆಗ ತಾನೇ ಟೈಪಿಂಗ್ ಕಲಿಯುತ್ತಿದ್ದ ತಮ್ಮ ಆ ಪತ್ರವನ್ನು ತಾನೇ ಟೈಪ್ ಮಾಡಿದ. ಅಚಾತುರ್ಯದಿಂದ, ಅನುಭವದ ಕೊರತೆಯಿಂದ, ಕ್ಷಮೆ ಕೋರುತ್ತೇನೆ ಎಂದೆಲ್ಲ.

ಆಗ ಅಕ್ಕ ಲಾರಿ ನಿಲ್ದಾಣದ ಪಕ್ಕ ಟಾರ್ಪಾಲು ಹೊಲಿಯುವ ಅಂಗಡಿ ಇಟ್ಟಿದ್ದಳು. ದಪ್ಪ ಸೂಜಿ, ಅಂಗೈಗೆ ಚರ್ಮದ ಪಟ್ಟಿ, ನೆಲದ ತುಂಬ ಹರಡಿದ ಹಸಿರು ಬಟ್ಟೆ. ಅದರ ನಡುವೆ ಮಂಡಿಯೂರಿ ಕೂತೇ ಪತ್ರ ಓದಿದಳು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಒಂದು ಕಡೆ ಒತ್ತಕ್ಷರ ತಿದ್ದಿದಳು. ತಮ್ಮನ ಮುಖ ಅರಳಿತು. ಅವಳು ಪತ್ರ ಮಡಚಿ ಅವನ ಕೈಗೇ ವಾಪಸ್ ಕೊಟ್ಟಳು.

"ಚೆನ್ನಾಗಿ ಟೈಪ್ ಮಾಡ್ತೀಯ. ಆದ್ರೆ ಸಹಿ ಹಾಕಲ್ಲ."

"ಒಂದು ಸಹಿ ಅಕ್ಕ! ನಿನ್ನ ಗಂಟೇನು ಹೋಗುತ್ತೆ?"

"ತಪ್ಪಾಯ್ತು ಅಂತ ಬರೆದ್ರೆ, ಅವತ್ತು ಒದ್ದೆ ಇರ್ಲಿಲ್ಲ ಅಂತ ಆಗುತ್ತೆ. ನಾಳೆ ಇನ್ಯಾರೋ ಒದ್ದೇದೇ ಮಡಚ್ತಾರೆ. ಅದನ್ನ ನಿನ್ನ ಬೆನ್ನಿಗೇ ಕಟ್ತಾರೆ. ನಿನ್ನನ್ನ ಮೇಲಕ್ಕೆ ಕಳಿಸೋಕೆ ಆ ಸುಳ್ಳು ಹೇಳು ಅಂತೀಯಾ?"

ತಮ್ಮ ಆ ಪತ್ರವನ್ನು ಅಲ್ಲೇ ಹರಿದು ಹಾಕಿ ಹೋದ. ಆ ಮೇಲೆ ಅಕ್ಕ ತಮ್ಮ ಮಾತು ಬಿಟ್ಟವರೇನಲ್ಲ. ಮದುವೆ, ಹೆರಿಗೆ, ಕಾಯಿಲೆಗಳಿಗೆ ಬಂದು ಹೋಗುತ್ತಿದ್ದರು. ಆದರೆ ತಲೆಯ ಮೇಲೆ ವಿಮಾನ ಹಾದುಹೋದಾಗ ಅವನು ಕಣ್ಣೆತ್ತಿ ನೋಡುತ್ತಿರಲಿಲ್ಲ.

ಅವಳು ತನ್ನ ದಾರಿಯಲ್ಲೇ ಇದ್ದಳು. ಕೊಳೆತ ಟಾರ್ಪಾಲು ತಂದು ತೇಪೆ ಹಾಕು ಎಂದ ಲಾರಿ ಮಾಲೀಕರನ್ನು ಅಂಗಡಿಯ ಮೆಟ್ಟಿಲಿನಿಂದಲೇ ಕಳಿಸುತ್ತಿದ್ದಳು. ವರ್ಷಕ್ಕೊಂದು ಸಲ ಇಲಾಖೆಗೆ ಕಾಗದ ಬರೆಯುತ್ತಿದ್ದಳು. ಪರಿಹಾರ ಬೇಡ, ಆ ಹನ್ನೊಂದು ಒದ್ದೆಯಾಗಿದ್ದವು ಎಂದು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ, ಅಷ್ಟೇ. ಪರಿಶೀಲಿಸಲಾಗುವುದು ಎಂಬ ಉತ್ತರ ಬರುತ್ತಿತ್ತು. "ಪರಿಶೀಲಿಸ್ಲಿ, ಪರಿಶೀಲಿಸ್ಲಿ. ಒಣಗೋಕೆ ಟೈಮ್ ಬೇಕು," ಎಂದು ನಗುತ್ತಿದ್ದಳು.

ಸಾಯುವ ಮೂರು ವಾರ ಮೊದಲು ಅವಳನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಂದಳು. ಹಳೆಯ ಚಲನಚಿತ್ರಗಳನ್ನು ದುರಸ್ತಿ ಮಾಡುವವಳು. ಆ ಸಾಕ್ಷ್ಯಚಿತ್ರದ ಧೂಳು, ಗೀರು, ಹರುಕನ್ನೆಲ್ಲ ಎರಡು ವರ್ಷ ಕೂತು ಸರಿಮಾಡಿದ್ದಳಂತೆ. ಕತ್ತರಿಸಿ ಎಸೆದ ಒಂದು ತುಣುಕು ಬೇರೆ ಡಬ್ಬಿಯಲ್ಲಿ ಸಿಕ್ಕಿತ್ತು. ಧ್ವನಿಯಿರಲಿಲ್ಲ. ಲ್ಯಾಪ್‌ಟಾಪ್ ತೆರೆದು ಹಾಸಿಗೆಯ ಪಕ್ಕ ಇಟ್ಟಳು.

"ಇದು ಯಾರು ಅಂತ ಗೊತ್ತಾಗುತ್ತಾ ಅಮ್ಮ?"

ಮುದುಕಿ ಕನ್ನಡಕ ಏರಿಸಿ ನೋಡಿದಳು. "ಅಯ್ಯೋ, ಜಡೆ ನೋಡೇ ನಂದು!" ಎಂದಳು ಮಗಳಿಗೆ. ಆಮೇಲೆ ಇನ್ನೊಂದು ಸಲ ಹಾಕಿಸಿಕೊಂಡು ನೋಡಿದಳು. "ಇದನ್ನ ತೋರಿಸ್ತೀಯಾ?"

"ಸಮಿತಿಯವರು ಬೇಡ ಅಂತಿದಾರೆ. ನಾನು ತೆಗೆಯಲ್ಲ. ನಾನು ಅಂಟಿಸೋಳು ಅಮ್ಮ, ಕತ್ತರಿಸೋಳಲ್ಲ."

"ಶುರುವಿನಲ್ಲಿ ಒಂಚೂರು ತೆಗೆಯೋಕಾಗುತ್ತಾ? ಎರಡೇ ಎರಡು ಕ್ಷಣ?"

"ಯಾಕಮ್ಮ?"

"ಸುಮ್ನೆ ಕೇಳ್ದೆ."

ಮಗಳಿಗೆ ಅದು ವಿಚಿತ್ರ ಎನ್ನಿಸಿತ್ತು. ಜೀವಮಾನವೆಲ್ಲ ಇದ್ದದ್ದು ಇದ್ದಹಾಗೆ ಬರೆಯಿರಿ ಎಂದು ಹಠ ಹಿಡಿದವಳು, ಈಗ ಎರಡು ಕ್ಷಣ ತೆಗೆಸಲು ನೋಡುತ್ತಿದ್ದಳು. ದುರಸ್ತಿಯವಳು ಆಗುವುದಿಲ್ಲ ಎಂದು ತಲೆಯಾಡಿಸಿ, ಹೋಗುವಾಗ ಒಂದು ಪಾಸ್ ಕೊಟ್ಟು ಹೋದಳು.

*

ಚಿತ್ರ ಶುರುವಾಯಿತು. ಸಾಲುಸಾಲು ವಿಮಾನಗಳು, ಗಾಳಿಯ ದಿಕ್ಕು ತೋರುವ ಬಟ್ಟೆಯ ಚೀಲ, ಓಡುವ ಕಾಲುಗಳು. ಹಿನ್ನೆಲೆಯ ಗಂಡುಧ್ವನಿ ಎದೆ ಉಬ್ಬಿಸಿ ಮಾತಾಡುತ್ತಿತ್ತು. ಮುಂದಿನ ಸಾಲಿನಲ್ಲಿ ಹೆಸರಿನ ಚೀಟಿ ಅಂಟಿಸಿದ ಕುರ್ಚಿಗಳಲ್ಲಿ ಹಿರಿಯರು ಕೂತಿದ್ದರು. ಮಗಳು, ಗಂಟೆಯಮ್ಮ, ಮಾವ ಬಾಲ್ಕನಿಯ ಕೆಳಗೆ, ಕೊನೆಯ ಸಾಲಿನಲ್ಲಿ.

ಇಪ್ಪತ್ತೈದನೇ ನಿಮಿಷಕ್ಕೆ ಉದ್ದನೆಯ ಕೋಣೆ ಬಂತು. ಮೇಜುಗಳು, ರೇಷ್ಮೆ, ನಗುವ ಹುಡುಗಿಯರು. ಇವರ ಕೋಮಲ ಹಸ್ತಗಳೇ ನಮ್ಮ ವೀರರ ರಕ್ಷೆ ಎಂದಿತು ಧ್ವನಿ. ಇದ್ದಕ್ಕಿದ್ದಂತೆ ಧ್ವನಿ ನಿಂತಿತು.

ಕಪ್ಪು ಬಿಳುಪಿನ ಮೌನದಲ್ಲಿ ಒಬ್ಬ ಹುಡುಗಿ ಬರಿಗೈಯಲ್ಲಿ ಮೇಜಿನ ಮುಂದೆ ನಿಂತಿದ್ದಳು. ಎರಡು ಜಡೆ. ಸಪೂರ ಕತ್ತು. ಅವಳು ನಗುತ್ತಿರಲಿಲ್ಲ. ಪರದೆಯ ಎಡ ಅಂಚಿನಿಂದ ಒಂದು ಕೈ ಬಂತು. ಕೈ ಮಾತ್ರ. ಮೇಜಿನ ಅಡಿಯಿಂದ ಕತ್ತರಿಯೊಂದನ್ನು, ಹಿಡಿಯನ್ನು ಮುಂದುಮಾಡಿ, ಅವಳ ಬೆರಳುಗಳೊಳಗೆ ತುರುಕಿ ಮಾಯವಾಯಿತು.

ಹುಡುಗಿ ಕತ್ತರಿಸತೊಡಗಿದಳು. ಅವಸರವಿಲ್ಲ. ಒಂದು ಗೊಂಚಲು, ಮತ್ತೊಂದು. ಬಿಳಿಯ ಹಗ್ಗದ ತುಂಡುಗಳು ಕಾಲಬುಡದಲ್ಲಿ ಬೀಳುತ್ತಿದ್ದವು.

"ನಿಲ್ಸಿ!" ಮುಂದಿನ ಸಾಲಿನಿಂದ ಅಧ್ಯಕ್ಷರು ಎದ್ದರು. "ಇದು ತಪ್ಪಿ ಸೇರ್ಕೊಂಡಿದೆ. ಲೈಟ್ ಹಾಕಿ!"

ಯಾರೋ ಪ್ರೊಜೆಕ್ಟರ್ ಕೋಣೆಯತ್ತ ಓಡಿ ಬಾಗಿಲು ಬಡಿದರು. ದುರಸ್ತಿಯವಳು ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಚಿತ್ರ ಓಡುತ್ತಲೇ ಇತ್ತು.

"ಆ ಕೈ ನಂದು!"

ಆ ಗಂಟಲಿಗೆ ಮೈಕು ಬೇಕಿರಲಿಲ್ಲ. ಇಡೀ ಸಭಾಂಗಣ ತಿರುಗಿತು. ಗಂಟೆಯಮ್ಮ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತಿದ್ದಳು.

"ಹದಿನೆಂಟು. ಕತ್ತರಿ ಕೊಟ್ಟೋಳು ನಾನು. ಮೂರು ದಿನ ಕೂಡಿಹಾಕಿ ಕೇಳಿದ್ರು ಅವಳನ್ನ. ಮೇಜಿನ ಮೇಲಿತ್ತು ಅಂದ್ಲು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡ್ಲಿಲ್ಲ. ಇಷ್ಟು ದೊಡ್ಡ ಬಾಯಿ ಇಟ್ಕೊಂಡು! ಮೂವತ್ನಾಲ್ಕು ವರ್ಷ ಅಲ್ಲೇ ಕೆಲಸ ಮಾಡಿ, ಹಾರ ಹಾಕಿಸ್ಕೊಂಡು ಮನೆಗೆ ಬಂದೆ. ನಿಮ್ಮ ಪಟ್ಟೀಲಿ ನನ್ನ ಹೆಸರಿದೆ, ನೋಡ್ಕೊಳ್ಳಿ. ಮುಂದೆ ಕುರ್ಚಿನೂ ಹಾಕಿದೀರಿ. ಆ ಹೆಸರು ಹೊಡೆದುಹಾಕಿ! ಅವಳಿಲ್ದೇ ಇದ್ರೆ ನನ್ನದೂ ಬೇಡ!"

ಮಗಳಿಗೆ ಆಗ ಅರ್ಥವಾಯಿತು, ಅಮ್ಮ ತೆಗೆಸಬೇಕೆಂದಿದ್ದ ಎರಡು ಕ್ಷಣ ಯಾವುದು ಎಂದು. ಮುದುಕಿಯ ಸೊಂಟಕ್ಕೆ ತೋಳು ಕೊಟ್ಟು ತಾನೂ ಎದ್ದು ನಿಂತಳು.

ಮುಂದಿನ ಸಾಲಿನಿಂದ ಕೋಲಿನ ಸದ್ದಾಯಿತು. ಮುಖ್ಯ ಅತಿಥಿ ಪೂರ್ತಿ ಹಿಂದಕ್ಕೆ ತಿರುಗಿದ್ದರು. "ಅವು ಬಿಚ್ಕೊಳ್ತಿರ್ಲಿಲ್ವಾ?" ಎಂದು ಕೇಳಿದರು. ಸಿಟ್ಟಿರಲಿಲ್ಲ. ತಿಳಿಯಬೇಕಿತ್ತು, ಅಷ್ಟೇ.

"ಗೊತ್ತಿಲ್ಲ ಸಾರ್," ಎಂದಳು ಮಗಳು. "ಅಮ್ಮನೂ ಗೊತ್ತಿಲ್ಲ ಅಂತಲೇ ಹೇಳ್ತಿದ್ಲು. ಬಿಚ್ತಿತ್ತೋ ಇಲ್ವೋ ನನ್ನ ಕೇಳಬೇಡಿ, ಅದನ್ನ ಕಟ್ಕೊಂಡು ನಾನಾದ್ರೆ ಹಾರ್ತಿರ್ಲಿಲ್ಲ, ಅಂತಿದ್ಲು."

"ಇದನ್ನ ತೆಗೆದಿದ್ದು ಯಾವ ದಿನ?"

"ಎಂಟನೇ ತಿಂಗಳು, ಹನ್ನೆರಡು," ಎಂದಳು ಗಂಟೆಯಮ್ಮ. ಅದೊಂದು ಪ್ರಶ್ನೆ ಅವಳ ಕಿವಿಗೆ ಸರಿಯಾಗಿ ಬಿದ್ದಿತ್ತು.

ಮುದುಕರು ಕೋಲಿನ ಹಿಡಿಯನ್ನು ಸವರಿದರು. "ಹದಿಮೂರನೇ ತಾರೀಖು ಬೆಳಿಗ್ಗೆ ನಾವು ಹಾರ್ಬೇಕಿತ್ತು," ಎಂದರು. "ಹನ್ನೊಂದು ಜನ. ಸಾಲಾಗಿ ನಿಂತಿದ್ವಿ. ಎರಡು ದಿನ ಮುಂದಕ್ಕೆ ಹಾಕಿದ್ರು. ಮೋಡ ಇದೆ ಅಂತ ಕಾರಣ ಕೊಟ್ರು. ತಲೆ ಎತ್ತಿ ನೋಡಿದ್ರೆ ಆಕಾಶ ಗಾಜಿನ ಹಾಗೆ ಸ್ವಚ್ಛ ಇತ್ತು. ಯಾವ ಮೋಡ ಅಂತ ಇವತ್ತಿನ ತನಕ ಗೊತ್ತಾಗಿರ್ಲಿಲ್ಲ."

ಅವರು ಪರದೆಯತ್ತ ತಿರುಗಿ, ಕೋಲೂರಿ, ಎದ್ದು ನಿಂತರು. ಅವರ ಬಲಕ್ಕೆ ಕೂತಿದ್ದವರು ಎದ್ದರು. ಎಡಕ್ಕಿದ್ದ ಇಬ್ಬರು ಏಳಲಿಲ್ಲ, ಒಬ್ಬರಂತೂ ಟೋಪಿ ಎತ್ತಿಕೊಂಡು ಹೊರಗೇ ನಡೆದರು. ಹಿಂದಿನ ಸಾಲುಗಳಲ್ಲಿ ಕುರ್ಚಿಗಳು ಅಲ್ಲಲ್ಲಿ ಸದ್ದು ಮಾಡಿದವು.

ಪರದೆಯ ಮೇಲೆ ಹನ್ನೊಂದನೆಯದು ಮುಗಿದಿತ್ತು. ಹುಡುಗಿ ಕತ್ತರಿಯನ್ನು ಮೇಜಿನ ಮೇಲಿಟ್ಟು ನೇರವಾಗಿ ಕ್ಯಾಮೆರಾದೊಳಗೆ ನೋಡಿದಳು. ಮೂಗಿನ ತುದಿಯಲ್ಲಿ ಬೆವರು. ಮುಂಗೈಯಿಂದ ಒರೆಸಿಕೊಂಡಳು, ಶಾಲೆಯ ಮಕ್ಕಳು ಒರೆಸಿಕೊಳ್ಳುವ ಹಾಗೆ.

ಮಾವ ಕುರ್ಚಿಯ ಅಂಚಿಗೆ ಬಂದಿದ್ದ. "ಇಷ್ಟು ಚಿಕ್ಕೋಳಾ?" ಎಂದ.

"ಏನು ಮಾವ?"

"ಅಕ್ಕ... ಇಷ್ಟು ಚಿಕ್ಕೋಳಿದ್ಲಾ ಅವಾಗ? ನಾನು ಅವಳನ್ನ ದೊಡ್ಡೋಳು ಅಂದ್ಕೊಂಡಿದ್ದೆ. ಎಲ್ಲ ತಿಳಿದ ದೊಡ್ಡ ಹೆಂಗಸು, ಬೇಕು ಅಂತಲೇ ನನ್ನ ದಾರಿಗೆ ಅಡ್ಡ ನಿಂತ್ಲು ಅಂತ. ನನ್ನ ಮೊಮ್ಮಗಳೇ ಇವಳಿಗಿಂತ ದೊಡ್ಡೋಳು ಕಣೇ."

ಪರದೆಯ ಮೇಲೆ ಮತ್ತೆ ವಿಮಾನಗಳು ಏಳತೊಡಗಿದವು. ಅವನು ಕತ್ತೆತ್ತಿ, ಒಂದೊಂದನ್ನೇ, ಕೊನೆಯವರೆಗೂ ನೋಡಿದ.

*

ಸ್ಮಶಾನದ ಕಚೇರಿ ಒಂದು ಕೋಣೆಯದು. ನಾಲ್ಕೂಮುಕ್ಕಾಲು ಆಗಿತ್ತು. ಗುಮಾಸ್ತ ಗೋಡೆಯ ಗಡಿಯಾರ ನೋಡುತ್ತ ದಪ್ಪ ಪುಸ್ತಕ ತೆರೆದ. ಕಿಟಕಿಯಾಚೆ ಗಾಡಿಯಿಂದ ಪೆಟ್ಟಿಗೆ ಇಳಿಸುತ್ತಿದ್ದರು. ಚಾಲಕನ ಜೊತೆ ಆ ಪೊಲೀಸ್ ಪೇದೆ, ದುರಸ್ತಿಯವಳು, ಚಿತ್ರಮಂದಿರದಿಂದ ಹಿಂದೆಯೇ ನಡೆದು ಬಂದ ಏಳೆಂಟು ಜನ ಹೆಗಲು ಕೊಟ್ಟಿದ್ದರು. ಕೋಲಿನ ಮುದುಕರು ಕಾರಿನಿಂದ ಇಳಿಯುತ್ತಿದ್ದರು. "ಎಡಕ್ಕೆ, ಎಡಕ್ಕೆ! ಮೆಲ್ಲಗೆ!" ಎಂದು ಗಂಟೆಯಮ್ಮ ಅಪ್ಪಣೆ ಕೊಡುತ್ತಿದ್ದಳು.

ಹೆಸರು, ವಯಸ್ಸು, ವಿಳಾಸ ಆಯಿತು.

"ವೃತ್ತಿ?"

"ಟಾರ್ಪಾಲು ಹೊಲಿಗೆ," ಎಂದಳು ಮಗಳು.

"ತಡಿ," ಎಂದ ಮಾವ. "ಅದರ ಮುಂಚೆ ಒಂದಿದೆ. ಪ್ಯಾರಾಚೂಟ್ ವಿಭಾಗ, ವಾಯುನೆಲೆ. ಬರ್ಕೊಳ್ಳಿ."

ಗುಮಾಸ್ತ ಬರೆದುಕೊಂಡ. "ನಿವೃತ್ತಿ ಅಂತ ಹಾಕ್ಲಾ?"

"ಇಲ್ಲ."

"ರಾಜೀನಾಮೆ?"

"ಅದೂ ಅಲ್ಲ. ವಜಾ."

ಗುಮಾಸ್ತ ಪೆನ್ನು ನಿಲ್ಲಿಸಿ ತಲೆಯೆತ್ತಿದ. "ಅದೆಲ್ಲ ಯಾಕೆ ಯಜಮಾನ್ರೇ? ತೀರಿಕೊಂಡೋರ ವಿಷಯ. ಖಾಲಿ ಬಿಡ್ತೀನಿ ಬೇಕಾದ್ರೆ."

"ಖಾಲಿ ಬಿಡಬೇಡಿ. ವಜಾ ಅಂತಲೇ ಬರೀರಿ. ಅವಳು ದುಡಿದು ಸಂಪಾದಿಸಿದ್ದು ಅದು." ಮಾವ ಮೇಜಿನ ಮೇಲೆ ಬಾಗಿ, ಕನ್ನಡಕ ಸರಿಮಾಡಿಕೊಂಡು, ಆ ಎರಡು ಅಕ್ಷರ ಮೂಡುವುದನ್ನು ನೋಡಿದ. "ಸ್ವಲ್ಪ ಒತ್ತಿ ಬರೀರಿ. ದೀರ್ಘ ಎಳೀರಿ ಸರಿಯಾಗಿ."

ಗುಮಾಸ್ತ ಪುಸ್ತಕವನ್ನು ಅವನತ್ತ ತಿರುಗಿಸಿದ. ಸಹಿಯ ಪಕ್ಕದಲ್ಲಿ ಸಂಬಂಧ ಬರೆಯಲು ಒಂದು ಸಣ್ಣ ಚೌಕವಿತ್ತು. ನಲವತ್ತು ವರ್ಷ ಮಕ್ಕಳಿಗೆ ಅಂಚು ಮೀರದಂತೆ ಟೈಪ್ ಮಾಡಲು ಕಲಿಸಿದ ಮೇಷ್ಟ್ರು ಪೆನ್ನು ಹಿಡಿದು, ಚೌಕ ದಾಟಿ, ಪಕ್ಕದ ಗೆರೆಯನ್ನೂ ದಾಟಿ, ಪುಟದ ತುದಿಯವರೆಗೆ ದಪ್ಪ ಅಕ್ಷರದಲ್ಲಿ ಬರೆದ: ತಮ್ಮ.